ನೆಲೆ ಬಿಟ್ಟ ಶಿಲ್ಪ: ದೊನಾತೆಲ್ಲೊ ಸಂಚಾರಿ ಪ್ರದರ್ಶನದ ಯೋಜನೆ – ಒಂದು ವಿಮರ್ಶೆ

ಇಟಲಿಯ ಪುನರುಜ್ಜೀವನ ಕಾಲದ ಶಿಲ್ಪಿಗಳಲ್ಲಿ ಅಗ್ರಗಣ್ಯನಾದ ದೊನಾತೆಲ್ಲೊನ (ಸುಮಾರು 1386–1466) ಕೃತಿಗಳ ಬೃಹತ್ ಪ್ರದರ್ಶನವೊಂದು 2022 ಮತ್ತು 2023ರಲ್ಲಿ ಮೂರು ನಗರಗಳಲ್ಲಿ ನಡೆಯಿತು. 2022ರ ಮಾರ್ಚ್‌ನಿಂದ ಜುಲೈವರೆಗೆ ಫ್ಲಾರೆನ್ಸಿನ ಪಲಾತ್ಸೊ ಸ್ತ್ರೋತ್ಸಿ ಮತ್ತು ಬಾರ್ಜೆಲ್ಲೊ ವಸ್ತುಸಂಗ್ರಹಾಲಯ, ಅದೇ ವರ್ಷ ಸೆಪ್ಟೆಂಬರಿನಿಂದ ಬರ್ಲಿನ್ನಿನ ಗೆಮೆಲ್ಡೆಗ್ಯಾಲರಿ, 2023ರ ಫೆಬ್ರವರಿಯಿಂದ ಜೂನ್‌ವರೆಗೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಈ ಪ್ರದರ್ಶನಕ್ಕೆ ವೇದಿಕೆಗಳಾದವು. ಫ್ಲಾರೆನ್ಸಿನಲ್ಲಿ ಇದನ್ನು ರೂಪಿಸಿದವರು ಕಲಾ ಇತಿಹಾಸಕಾರ ಫ್ರಾಂಚೆಸ್ಕೊ ಕಾಲ್ಯೊತ್ತಿ. ಸುಮಾರು 130 ಕೃತಿಗಳು ಅಲ್ಲಿ ಒಟ್ಟುಗೂಡಿದವು. ಈ ಪ್ರದರ್ಶನವನ್ನು ಅದರ ವೈಭವದಿಂದಲ್ಲದೆ ಅದರ ಯೋಜನೆಯಿಂದ ಅಳೆಯುವುದು ಪ್ರಸ್ತುತ ಲೇಖನದ ಉದ್ದೇಶ. ಯಾವುದು ನೆಲೆ ಬಿಟ್ಟು ಚಲಿಸಬೇಕು, ಯಾವುದು ನಿಂತಲ್ಲೇ ನಿಲ್ಲಬೇಕು ಎಂಬ ತೀರ್ಮಾನವು ಆಡಳಿತದ ವಿಷಯದಂತೆ ತೋರಿದರೂ ವಾಸ್ತವವಾಗಿ ಅದೊಂದು ವಿಮರ್ಶಾತ್ಮಕ ತೀರ್ಮಾನ ಎಂಬುದು ನಮ್ಮ ನಿಲುವು.

ದೊನಾತೆಲ್ಲೊನ ಮಟ್ಟಿಗೆ ಈ ಪ್ರಶ್ನೆ ವಿಶೇಷವಾಗಿ ತೀಕ್ಷ್ಣವಾದುದು. ಕಲ್ಲು, ಕಂಚು, ಮರಗಳಂತೆ ಸ್ಥಳವೂ ಅವನಿಗೊಂದು ಸಾಮಗ್ರಿಯಾಗಿತ್ತು. ಫ್ಲಾರೆನ್ಸಿನ ಓರ್‌ಸಾನ್‌ಮಿಕೇಲೆ ಕಟ್ಟಡದ ಹೊರಗೋಡೆಯ ಗೂಡಿಗಾಗಿ ಅವನು 1411ರಿಂದ 1413ರ ಅವಧಿಯಲ್ಲಿ ಸಂತ ಮಾರ್ಕನ ಮೂರ್ತಿಯನ್ನು ಕಡೆದನು. ಅದನ್ನು ಕುರಿತು 16ನೆಯ ಶತಮಾನದ ಜೀವನಚರಿತ್ರಕಾರ ವಸಾರಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಮೂರ್ತಿ ನೆಲದ ಮೇಲಿದ್ದಾಗ ಅದನ್ನು ಮಾಡಿಸಿದ ಸಂಘದ ಹಿರಿಯರು ಮೆಚ್ಚಲಿಲ್ಲ. ದೊನಾತೆಲ್ಲೊ ಅದನ್ನು ಗೂಡಿಗೇರಿಸಿ, ಮರೆಕಟ್ಟಿ, ಕೆಲವು ದಿನ ತಿದ್ದುವಂತೆ ನಟಿಸಿ, ಏನನ್ನೂ ಮುಟ್ಟದೆ ಮರೆ ತೆಗೆದನು. ಆಗ ಎಲ್ಲರೂ ಬೆರಗಾದರಂತೆ. ಈ ಕಥೆ ಎಷ್ಟು ನಿಜವೋ ಬೇರೆ ಮಾತು. ಎತ್ತರ ಮತ್ತು ನೋಡುಗನ ನಿಲುವನ್ನು ಲೆಕ್ಕ ಹಾಕಿಯೇ ಈ ಶಿಲ್ಪಿ ಉಳಿ ಹಿಡಿಯುತ್ತಿದ್ದನೆಂಬ ತಿಳಿವಳಿಕೆ ಮಾತ್ರ ಅದರಲ್ಲಿ ಸ್ಪಷ್ಟವಾಗಿದೆ.

ಉಬ್ಬುಶಿಲ್ಪಗಳಲ್ಲಿ ಈ ಲೆಕ್ಕಾಚಾರ ಇನ್ನಷ್ಟು ಸೂಕ್ಷ್ಮ. ಕೆಲವೇ ಮಿಲಿಮೀಟರುಗಳ ಆಳದಲ್ಲಿ ದೂರದ ಬೆಟ್ಟ, ಮೋಡ, ಕಟ್ಟಡಗಳನ್ನು ಸೂಚಿಸುವ ‘ಸ್ಕ್ಯಾಚ್ಚಾತೊ’ ಎಂಬ ಚಪ್ಪಟೆ ಉಬ್ಬುಕೆತ್ತನೆಯನ್ನು ಬೆಳಸಿದವನು ಅವನೇ. ಇಂತಹ ಕೆತ್ತನೆಯ ಜೀವಾಳ ಓರೆಯಾಗಿ ಬೀಳುವ ಬೆಳಕು. ನೇರ ಬೆಳಕಿನಲ್ಲಿ ಅದು ಬರಿಯ ಗೀರುಗಳಾಗಿ ಕರಗಿಹೋಗುತ್ತದೆ. ಬರ್ಲಿನ್ ಸಂಗ್ರಹದ ‘ಪಾತ್ಸಿ ಮಡೊನ್ನಾ’ (ಸುಮಾರು 1420–25) ಅಮೃತಶಿಲಾ ಫಲಕದಲ್ಲಿ ತಾಯಿ ಮಗುವಿನ ಸುತ್ತಣ ಕಿಟಕಿಯ ಚೌಕಟ್ಟು ಕೆಳಗಿನಿಂದ ನೋಡುವ ಕಣ್ಣಿಗೆ ಹೊಂದುವಂತೆ ರೂಪುಗೊಂಡಿದೆ. ಆದ್ದರಿಂದ ಪ್ರದರ್ಶನಾಲಯದಲ್ಲಿ ಪೀಠದ ಎತ್ತರವನ್ನು ಒಂದು ಗೇಣು ತಗ್ಗಿಸುವುದೆಂದರೆ ಶಿಲ್ಪಿಯ ವಾಕ್ಯವನ್ನೇ ತಿದ್ದಿದಂತೆ.

ಹಾಗಾದರೆ ಇಂತಹ ಕೃತಿಗಳನ್ನು ಕದಲಿಸುವುದೇ ತಪ್ಪೆ? ಉತ್ತರ ಅಷ್ಟು ಸರಳವಲ್ಲ. ಸಿಯೆನಾದ ದೀಕ್ಷಾಸ್ನಾನದ ತೊಟ್ಟಿಗಾಗಿ ದೊನಾತೆಲ್ಲೊ 1423–27ರ ನಡುವೆ ರಚಿಸಿದ ‘ಹೆರೋದನ ಔತಣ’ ಎಂಬ ಚಿನ್ನದ ಲೇಪದ ಕಂಚಿನ ಫಲಕ ಫ್ಲಾರೆನ್ಸಿನ ಪ್ರದರ್ಶನಕ್ಕೆ ಬಂದಿತ್ತು. ತೊಟ್ಟಿಯ ಸುತ್ತ ನಡೆಯುತ್ತ ನೋಡುವವನಿಗೆ ಗಿಬೆರ್ತಿ, ಯಾಕೊಪೊ ದೆಲ್ಲಾ ಕ್ವೆರ್ಚಾ ಮೊದಲಾದ ಸಮಕಾಲೀನರ ಫಲಕಗಳ ಸಾಲಿನಲ್ಲಿ ಈ ಕೃತಿ ಒಂದು ಘಟ್ಟವಾಗಿ ಎದುರಾಗುತ್ತದೆ. ಪ್ರದರ್ಶನದಲ್ಲಿ ಆ ಸಾಲು ಮುರಿಯುತ್ತದೆ, ಕಥೆ ತುಂಡಾಗುತ್ತದೆ. ಆದರೆ ಬಗ್ಗಿ ನೋಡಬೇಕಾದ ಫಲಕ ಕಣ್ಣೆದುರಿಗೆ ಬಂದಾಗ ಕಮಾನುಗಳ ಹಿಂದೆ ಕಮಾನುಗಳಾಗಿ ಸರಿಯುವ ಅದರ ಆಳ, ತಲೆಯನ್ನು ಕಂಡು ಹಿಮ್ಮೆಟ್ಟುವ ಅತಿಥಿಗಳ ಭೀತಿ ಬಿಡಿಬಿಡಿಯಾಗಿ ಗೋಚರಿಸುತ್ತವೆ. ಪ್ರದರ್ಶನದ ನಿಮಿತ್ತವಾಗಿ ಕೈಗೊಂಡ ಸಂರಕ್ಷಣಾ ಕಾರ್ಯವೂ ಲಾಭದ ಕಡೆಗೇ ಸೇರುವಂಥದು.

ಹೋಲಿಕೆಯ ಅವಕಾಶ ಎರಡನೆಯ ಲಾಭ. ಸಾಂತಾ ಕ್ರೋಚೆ ಚರ್ಚಿನ ದೊನಾತೆಲ್ಲೊನ ಮರದ ಶಿಲುಬೆಮೂರ್ತಿಯೂ ಸಾಂತಾ ಮರಿಯಾ ನೊವೆಲ್ಲಾದ ಬ್ರುನೆಲ್ಲೆಸ್ಕಿಯ ಶಿಲುಬೆಮೂರ್ತಿಯೂ ಒಂದೇ ನಗರದಲ್ಲಿದ್ದರೂ ಒಂದನ್ನೊಂದು ಕಂಡಿದ್ದವುಗಳಲ್ಲ. ಗೆಳೆಯನು ಶಿಲುಬೆಯ ಮೇಲೆ ರೈತನೊಬ್ಬನನ್ನು ಏರಿಸಿದ್ದಾನೆಂದು ಬ್ರುನೆಲ್ಲೆಸ್ಕಿ ಆಕ್ಷೇಪಿಸಿದನೆಂಬ ವಸಾರಿಯ ಕಥೆಯನ್ನು ಓದಿದವರು, ಪಲಾತ್ಸೊ ಸ್ತ್ರೋತ್ಸಿಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಕಂಡು ಸ್ವತಃ ತೀರ್ಮಾನಿಸಬಹುದಾಗಿತ್ತು. ಪುಸ್ತಕದ ಛಾಯಾಚಿತ್ರಗಳು ಗಾತ್ರವನ್ನು ಸಮ ಮಾಡಿ ಹೇಳುವ ಸುಳ್ಳನ್ನು ಇಂತಹ ಸಾಮೀಪ್ಯ ಮಾತ್ರವೇ ಅಳಿಸಬಲ್ಲದು.

ಯೋಜನೆಯ ವಿವೇಕ ಹೆಚ್ಚು ಪ್ರಕಟವಾಗಿರುವುದು ಕದಲಿಸದೆ ಉಳಿಸಿದುದರಲ್ಲಿ. ಬಾರ್ಜೆಲ್ಲೊವನ್ನೇ ಪ್ರದರ್ಶನದ ಎರಡನೆಯ ಅಂಗವಾಗಿ ಮಾಡಿಕೊಂಡುದರಿಂದ ಕಂಚಿನ ದಾವಿದನೂ ಸಂತ ಜಾರ್ಜನೂ ತಮ್ಮ ಮನೆಯಲ್ಲೇ ಉಳಿದರು. ನೋಡುಗನೇ ಅವರ ಬಳಿಗೆ ನಡೆದನು. ಪಾದುವಾದ ಚೌಕದಲ್ಲಿ ನಿಂತಿರುವ ಗಟ್ಟಮೆಲಾತಾನ ಅಶ್ವಾರೋಹಿ ಪ್ರತಿಮೆಯನ್ನಂತೂ ಯಾವ ಯೋಜನೆಯೂ ಒಯ್ಯಲಾರದು. ಇನ್ನೊಂದೆಡೆ ಲಂಡನ್ನಿಗೆ ಹೋದ ಅಮೃತಶಿಲೆಯ ದಾವಿದನ ಚರಿತ್ರೆಯೇ ಸ್ಥಳಾಂತರದ ಚರಿತ್ರೆ. 1408ರಲ್ಲಿ ಪ್ರಧಾನ ಚರ್ಚಿನ ಊರೆಗೋಡೆಯ ಮೇಲಣ ಎತ್ತರಕ್ಕೆಂದು ಒಪ್ಪಿಸಲಾದ ಅದನ್ನು 1416ರಲ್ಲಿ ನಗರದ ಆಡಳಿತ ಭವನಕ್ಕೆ ಸಾಗಿಸಲಾಯಿತು. ಧರ್ಮದ ವೀರ ನಗರದ ವೀರನಾದನು. ಒಮ್ಮೆ ನೆಲೆ ತಪ್ಪಿದ ಕೃತಿಗೂ ಇನ್ನೂ ನೆಲೆಯಲ್ಲಿರುವ ಕೃತಿಗೂ ಒಂದೇ ನಿಯಮ ಅನ್ವಯಿಸದು ಎಂಬ ವಿವೇಚನೆಗೆ ಇವು ಉತ್ತಮ ನಿದರ್ಶನಗಳು.

ಮೂರು ನಗರಗಳಲ್ಲಿ ನಡೆದುದು ಒಂದೇ ಪ್ರದರ್ಶನವಲ್ಲ ಎಂಬುದನ್ನೂ ಗಮನಿಸಬೇಕು. ಕೃತಿಗಳ ಆಯ್ಕೆ ಬದಲಾದಂತೆ ವಾದವೂ ಬದಲಾಯಿತು. ಬರ್ಲಿನ್ನಿಗೆ ಸ್ಥಳಾಂತರವೆಂಬುದು ಅಮೂರ್ತ ಪ್ರಶ್ನೆಯಲ್ಲ. ಯುದ್ಧಕಾಲದಲ್ಲಿ ರಕ್ಷಣೆಗೆಂದೇ ಅಲ್ಲಿನ ಶಿಲ್ಪಗಳನ್ನು ಫ್ರೀಡ್ರಿಶ್‌ಹೈನ್ ಬಂಕರಿಗೆ ಸಾಗಿಸಲಾಗಿತ್ತು. 1945ರ ಮೇ ತಿಂಗಳ ಬೆಂಕಿಯಲ್ಲಿ ಅನೇಕ ಕೃತಿಗಳು ನಾಶವಾದವು ಅಥವಾ ವಿರೂಪಗೊಂಡವು. ಹಾನಿಗೊಂಡವುಗಳಲ್ಲಿ ಕೆಲವನ್ನು ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿ ಗುರುತಿಸಲಾಗಿದ್ದು, ದೊನಾತೆಲ್ಲೊನ ಸ್ನಾನಿಕ ಯೋಹಾನನ ಕಂಚಿನ ಮೂರ್ತಿಯೂ ಅವುಗಳಲ್ಲೊಂದು. ಲಂಡನ್ ತನ್ನ ಪ್ರದರ್ಶನದ ಕೊನೆಯ ಭಾಗವನ್ನು 19ನೆಯ ಶತಮಾನದ ಪ್ರತಿಕೃತಿ ಮತ್ತು ಅನುಕರಣೆಗಳಿಗೆ ಮೀಸಲಿಟ್ಟಿತು. ಇದನ್ನು ಅನಗತ್ಯ ವಿಸ್ತರಣೆ ಎನ್ನಲಾಗದು. ವೈದ್ಯ ಜೊವಾನ್ನಿ ಕೆಲ್ಲಿನಿಗೆ ದೊನಾತೆಲ್ಲೊ 1456ರಲ್ಲಿ ಕೊಟ್ಟ ಕಂಚಿನ ವರ್ತುಲ ಫಲಕದ ಹಿಂಬದಿಯನ್ನು ಗಾಜಿನ ಪ್ರತಿಗಳನ್ನು ಎರಕಹೊಯ್ಯುವ ಅಚ್ಚಾಗುವಂತೆ ರೂಪಿಸಲಾಗಿದೆ. ಆ ಫಲಕ 1976ರಿಂದ ಅದೇ ಲಂಡನ್ ಸಂಗ್ರಹದಲ್ಲಿದೆ. ಪ್ರತಿಯಾಗಿ ಹರಡುವುದು ಈ ಶಿಲ್ಪಿಯ ಕಲ್ಪನೆಯಲ್ಲೇ ಇತ್ತು ಎಂದಾಯಿತು.

ಆಕ್ಷೇಪಿಸಬೇಕಾದುದು ಮುಖ್ಯವಾಗಿ ಶೀರ್ಷಿಕೆಗಳನ್ನು. ಫ್ಲಾರೆನ್ಸ್ ಶಿಲ್ಪಿಯ ಹೆಸರಿನ ಮಗ್ಗುಲಲ್ಲೇ ಪುನರುಜ್ಜೀವನದ ಹೆಸರನ್ನಿಟ್ಟರೆ, ಬರ್ಲಿನ್ ಅವನನ್ನು ಅದರ ಆವಿಷ್ಕಾರಕನೆಂದೇ ಕರೆಯಿತು. ಒಂದು ಯುಗವನ್ನು ಒಬ್ಬನ ತಲೆಗೆ ಕಟ್ಟುವ ಈ ಮಾತು, ಗಿಬೆರ್ತಿ, ಬ್ರುನೆಲ್ಲೆಸ್ಕಿಯರ ನಡುವೆ ಅವನು ಬೆಳೆದ ಬಗೆಯನ್ನು ತೋರಿಸುವ ಕೃತಿಗಳ ಸಾಕ್ಷ್ಯಕ್ಕೆ ವಿರುದ್ಧವಾದುದು. ಕೃತಿಗಳ ಜೋಡಣೆಯಲ್ಲಿ ತೋರಿದ ಸಂಯಮ ಹೆಸರಿಡುವಾಗ ಕೈಬಿಟ್ಟಿತು.

ಒಟ್ಟಿನಲ್ಲಿ, ಸಂಚಾರಿ ಪ್ರದರ್ಶನದ ಯೋಜಕನು ಸಾಲಗಾರನ ಸ್ಥಾನದಲ್ಲಿರುತ್ತಾನೆ. ಅವನು ಪಡೆಯುವುದು ಶಿಲ್ಪವನ್ನಷ್ಟೇ ಅಲ್ಲ. ಅದರ ಎತ್ತರ, ಬೆಳಕು, ನೆರೆಹೊರೆಗಳನ್ನೂ ಕಳಚಿ ತರುತ್ತಾನೆ. ಅವುಗಳಿಗೆ ಬದಲಾಗಿ ಹೊಸ ಹೋಲಿಕೆ, ಹೊಸ ತಿಳಿವಳಿಕೆ, ಸಂರಕ್ಷಣೆಗಳನ್ನು ಕೊಟ್ಟಾಗ ಮಾತ್ರ ಆ ಸಾಲ ತೀರುತ್ತದೆ. ದೊನಾತೆಲ್ಲೊ ಪ್ರದರ್ಶನ ಬಹುಮಟ್ಟಿಗೆ ಈ ಋಣವನ್ನು ತೀರಿಸಿತು. ಆದರೆ ಕೊನೆಯ ಕಂತು ಸಂದಾಯವಾಗುವುದು ಫಲಕವು ಸಿಯೆನಾದ ತನ್ನ ತೊಟ್ಟಿಗೆ ಮರಳಿ, ಅದರ ಮುಂದೆ ಮತ್ತೆ ಒಬ್ಬ ನೋಡುಗ ಬಗ್ಗಿ ನಿಂತಾಗಲೇ.