ಸತ್ಯನ್ ಕಂಡ ಮಕ್ಕಳು

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ನೆಹರೂ ಅವರ ಚಿತ್ರ ತೆಗೆದರು, 1961ರಲ್ಲಿ ಗೋವಾ ವಿಮೋಚನೆಯನ್ನೂ ಸೆರೆಹಿಡಿದರು. 'ಲೈಫ್', 'ಇಲ್ಲಸ್ಟ್ರೇಟೆಡ್ ವೀಕ್ಲಿ'ಯಂಥ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಅಚ್ಚಾದವು. ಅದೆಲ್ಲ ಸರಿ, ನನಗೆ ಹೆಚ್ಚು ಹಿಡಿಸುವುದು ಅವರ ಮಕ್ಕಳ ಚಿತ್ರಗಳೇ. ಕಪ್ಪು–ಬಿಳುಪಿನ ಆ ಚೌಕಟ್ಟಿನಲ್ಲಿ ಬಡತನ ಕಾಣುತ್ತದೆ, ಕನಿಕರದ ಬೇಡಿಕೆ ಮಾತ್ರ ಇಲ್ಲ. ಆಟದಲ್ಲಿ ಮುಳುಗಿದ ಮಗುವಿಗೆ ಕ್ಯಾಮೆರಾದ ಪರಿವೆಯೇ ಇರುವುದಿಲ್ಲ. (ಪೋಸು ಕೊಡಿಸುವ ಚಾಳಿಯವರಿಗೆ ಇದು ದಕ್ಕುವುದಿಲ್ಲ ಬಿಡಿ.) 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಈ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಗೆಳೆಯ, ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರನ್ನು ಮೈಸೂರಿನಲ್ಲಿ ಸೆರೆಹಿಡಿದದ್ದೂ ಮಕ್ಕಳ ಚಿತ್ರಗಳಲ್ಲಿ ಕಾಣುವ ಸಲುಗೆಯಿಂದಲೇ. ಸತ್ಯನ್ ಅವರಿಗೆ ಪದ್ಮಶ್ರೀ 1977ರಲ್ಲೇ ಬಂದಿತ್ತು. ಕ್ಯಾಮೆರಾ ಕೊಳ್ಳುವ ಹುಡುಗರು ಮೊದಲು ಅವರ 'ಕಾಲಕ್ಕೆ ಕನ್ನಡಿ' ಪುಸ್ತಕ ಓದಲಿ.