ವಾದಾ ಮಾಡಿದ್ದು ಒಂದು ವರ್ಷಕ್ಕೆ

2023ರಲ್ಲಿ ಕಾಂಗ್ರೆಸ್ಸಿಗೆ ಓಟು ಬಿದ್ದದ್ದು ಗ್ಯಾರಂಟಿ ಕಾರ್ಡಿನಿಂದ ಎಂದು ಈಗ ಎಲ್ಲರೂ ಹೇಳುತ್ತಾರೆ. ನಮ್ಮ ಮೊಹಲ್ಲಾದಲ್ಲಿ ಆಗ ಹೆಚ್ಚು ಚರ್ಚೆಯಾದದ್ದು ಪ್ರಣಾಳಿಕೆಯ ಇನ್ನೊಂದು ಮಾತು. ಬಿಜೆಪಿ ಸರ್ಕಾರ ತಂದ ಜನವಿರೋಧಿ ಕಾನೂನುಗಳನ್ನು ಅಧಿಕಾರಕ್ಕೆ ಬಂದ ಒಂದು ವರ್ಷದೊಳಗೆ ರದ್ದು ಮಾಡುತ್ತೇವೆ ಎಂಬ ವಾದಾ ಅದು.

ಮೊದಲು ನೆನಪಾಗುವುದು 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ. 1964ರ ಹಳೆಯ ಕಾಯ್ದೆಯಲ್ಲಿ ದುಡಿದು ಸೋತ ಮುದಿ ಎತ್ತನ್ನು ಮಾರಲು ದಾರಿಯಿತ್ತು. ಹೊಸದು ಆ ದಾರಿ ಮುಚ್ಚಿ ಹದಿಮೂರು ದಾಟಿದ ಎಮ್ಮೆ ಕೋಣಗಳನ್ನಷ್ಟೇ ಬಿಟ್ಟಿತು. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ 50 ಸಾವಿರದಿಂದ 5 ಲಕ್ಷ. ಇದು ಕಸಾಯಿಯ ಮೇಲಿನ ಕಾನೂನು ಎಂದು ತಿಳಿದವರು ಸಂತೆಗೆ ಹೋಗಿ ನೋಡಿದವರಲ್ಲ. ಎತ್ತು ಸಾಕಿದವನು, ಅದನ್ನು ಸಾಗಿಸುವ ಟೆಂಪೋದವನು, ಚರ್ಮ ಹದ ಮಾಡುವವನು ಒಂದೇ ಹಗ್ಗದಲ್ಲಿ ಕಟ್ಟಿಕೊಂಡವರು. 2021ರ ಫೆಬ್ರವರಿಯಲ್ಲಿ ಮೇಲ್ಮನೆಯಲ್ಲಿ ಅದು ಧ್ವನಿಮತದಲ್ಲಿ ಪಾಸಾದಾಗ ಕಾಂಗ್ರೆಸ್ ಸದಸ್ಯರು ಮಾಡಿದ ಪ್ರತಿಭಟನೆ ನಮಗಿನ್ನೂ ನೆನಪಿದೆ. ಆದರೆ 2023ರ ಜೂನ್‌ನಲ್ಲಿ ಪಶುಸಂಗೋಪನಾ ಸಚಿವರ ಒಂದು ಮಾತಿಗೆ ವಿವಾದ ಎದ್ದದ್ದೇ ತಡ, ಸರ್ಕಾರ ಹಿಂದೆ ಸರಿಯಿತು. ವಾದಾ ಮಾಡಿದ ಆ ಒಂದು ವರ್ಷದಲ್ಲಿ ರದ್ದತಿಯ ಮಸೂದೆ ಸದನಕ್ಕೆ ಬರಲೇ ಇಲ್ಲ.

ಮೇಲ್ಮನೆಯಲ್ಲಿ ಬಹುಮತವಿರಲಿಲ್ಲ ಎನ್ನುತ್ತಾರೆ, ನಿಜ. ಎಪಿಎಂಸಿ ಮಸೂದೆ 2023ರಲ್ಲಿ ಅಲ್ಲೇ ಸಿಕ್ಕಿಬಿತ್ತು. ಸಿಕ್ಕಿಬಿದ್ದರೂ ಅದನ್ನು ತಂದದ್ದಕ್ಕೆ ಸರ್ಕಾರವನ್ನು ಮೆಚ್ಚುತ್ತೇವೆ. ಇದಕ್ಕೆ ಅಷ್ಟೂ ಧೈರ್ಯ ಬರಲಿಲ್ಲ. ಭೂಸುಧಾರಣೆಯ ಕಥೆಯೂ ಬೇರೆಯಲ್ಲ. 79ಎ, 79ಬಿ ಕಲಂಗಳನ್ನು 2020ರಲ್ಲಿ ಬಿಜೆಪಿ ಕಿತ್ತುಹಾಕಿದ್ದು ಹೌದು. ಆದರೆ ಕೃಷಿಯೇತರ ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದ್ದು ಇದೇ ಸಿದ್ದರಾಮಯ್ಯನವರ ಸರ್ಕಾರ.

ಇನ್ನು ದುಡ್ಡಿನ ಹಿಸಾಬು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನಾವು ಹಗುರವಾಗಿ ಆಡುವವರಲ್ಲ. ಬೀಡಿ ಸುತ್ತುವ ಖಾಲಾಗಳ ಕೈಗೆ ತಮ್ಮದೇ ಎನ್ನುವ ಹಣ ಬಂದದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಆ ಹಣ ಎಲ್ಲಿಂದ ಬಂತು ಎಂದು ಕೇಳಲೇಬೇಕು. 2024-25ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ 14 ಸಾವಿರ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಸೇರಿಸಲಾಯಿತು. ಆ ಉಪಯೋಜನೆಗೆ 2013ರಲ್ಲಿ ಕಾಯ್ದೆಯ ಬಲ ಕೊಟ್ಟದ್ದು ಇದೇ ಮುಖ್ಯಮಂತ್ರಿ. ಕೇರಿಯ ಹಾಸ್ಟೆಲ್ಲಿಗೆ, ಕೊಳವೆಬಾವಿಗೆ ಎಂದು ಇಟ್ಟ ಹಣದಲ್ಲಿ ಊರಿಗೆಲ್ಲ ಹಂಚುವುದು ಯಾವ ಇನ್ಸಾಫು? ಉಳಿದದ್ದು ಜನರ ಜೇಬಿನಿಂದಲೇ: 2024ರ ಜೂನ್‌ನಲ್ಲಿ ಪೆಟ್ರೋಲು ಡೀಸೆಲ್ ತೆರಿಗೆ, 2025ರ ಜನವರಿಯಲ್ಲಿ ಬಸ್ ದರ ಶೇ. 15, ಏಪ್ರಿಲ್‌ನಿಂದ ಹಾಲಿಗೆ 4 ರೂಪಾಯಿ.

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಭಾರಿ ಗದ್ದಲ. ಬಿಜೆಪಿಯ 18 ಶಾಸಕರು ಅಮಾನತಾದರು. ಅದೇ ಗದ್ದಲದ ನಡುವೆ ಚರ್ಚೆಯಿಲ್ಲದೆ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರವಾಯಿತು. ಆ ಮಸೂದೆಗೆ ಧೈರ್ಯದ ಕೊರತೆ ಕಾಣಲಿಲ್ಲ.