‘ಹಲೋ’ ಎನ್ನಲು ಒಂದು ಬಟನ್

ಪ್ಲಾಟ್‌ಫಾರ್ಮ್ ಆಟಗಳಲ್ಲಿ ಕಾರ್ಖಾನೆ ಅನ್ನುವುದು ಸವೆದು ಹೋದ ಸರಕು. ಕಾಡು, ಗುಹೆ, ಹಿಮದ ಬೆಟ್ಟ ಎಲ್ಲ ಮುಗಿಯಿತೆಂದರೆ ಕಾರ್ಖಾನೆಯ ಸರದಿ. 1994ರ ‘ಡಾಂಕಿ ಕಾಂಗ್ ಕಂಟ್ರಿ’ಯಲ್ಲೂ ಒಂದಿದೆ. ಅಲ್ಲಿ ಏನು ತಯಾರಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕೆನಿಸುವುದೂ ಇಲ್ಲ. 2010ರ ‘ಲಿಂಬೊ’ ಇನ್ನೂ ಜಾಣ ಆಟ. ಅದರ ಉತ್ತರಾರ್ಧದಲ್ಲಿ ತಿರುಗುವ ಗಾಲಿಗಳು, ಕ್ರೇನುಗಳು, ಗುರುತ್ವಾಕರ್ಷಣೆಯನ್ನೇ ತಲೆಕೆಳಗು ಮಾಡುವ ಸ್ವಿಚ್ಚುಗಳು ಬರುತ್ತವೆ. ಒಗಟುಗಳು ಒಂದಕ್ಕಿಂತ ಒಂದು ಚೆಂದ. ಆದರೆ ಆ ಯಂತ್ರಗಳನ್ನು ನಡೆಸಿದವರು ಯಾರು? ಕೆಲಸಗಾರರಿಲ್ಲದ ಜಾಗವನ್ನು ಯಂತ್ರಗಳ ಉಗ್ರಾಣ ಎನ್ನಬಹುದು, ಕಾರ್ಖಾನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಏನು ತಯಾರಾಗುತ್ತದೆ, ದುಡಿಯುವವರು ಯಾರು ಎಂಬ ಎರಡೂ ಪ್ರಶ್ನೆಗಳನ್ನು 1997ರಲ್ಲೇ ಎತ್ತಿಕೊಂಡ ಆಟ ‘ಆಡ್‌ವರ್ಲ್ಡ್: ಏಬ್ಸ್ ಆಡಿಸೀ’. ಲಾರ್ನ್ ಲ್ಯಾನಿಂಗ್ ಮತ್ತು ಶೆರ್ರಿ ಮೆಕೆನ್ನಾ ಕಟ್ಟಿದ ಆಡ್‌ವರ್ಲ್ಡ್ ಇನ್‌ಹ್ಯಾಬಿಟೆಂಟ್ಸ್ ಸಂಸ್ಥೆಯ ಮೊದಲ ಆಟವಿದು. ರಪ್ಚರ್‌ಫಾರ್ಮ್ಸ್ ಎಂಬುದು ಮಾಂಸದ ಕಾರ್ಖಾನೆ. ಮೀಚ್ ಎಂಬ ಪ್ರಾಣಿಯನ್ನು ಕಡಿದು ಕಡಿದು ಅದರ ಸಂತತಿಯನ್ನೇ ಅಳಿಸಿಯಾಗಿದೆ. ಉಳಿದೆರಡು ಪ್ರಾಣಿಗಳೂ ಅದೇ ದಾರಿಯಲ್ಲಿವೆ. ಲಾಭ ಇಳಿದಿದೆ. ಮಾಲೀಕ ಮೊಲಕ್ ಹೊಸ ತಿನಿಸೊಂದನ್ನು ಯೋಚಿಸಿದ್ದಾನೆ: ಅಲ್ಲಿ ಜೀತಕ್ಕಿರುವ ಮುಡೋಕನ್‌ಗಳ ಮಾಂಸದ್ದು. ಅವರಲ್ಲೇ ಒಬ್ಬನಾದ, ನೆಲ ಉಜ್ಜುವ ಏಬ್ ಈ ಮಾತನ್ನು ಕದ್ದು ಕೇಳಿಸಿಕೊಳ್ಳುತ್ತಾನೆ. ಕಚ್ಚಾ ಮಾಲು ತೀರಿದಾಗ ಆಳುಗಳೇ ಕಚ್ಚಾ ಮಾಲಾಗುವ ಈ ಲೆಕ್ಕಾಚಾರವನ್ನು ಆರಂಭದ ಕೆಲವೇ ನಿಮಿಷಗಳ ಚಿತ್ರಿಕೆ ಹೇಳಿ ಮುಗಿಸುತ್ತದೆ. ಮುಂದಿನದೆಲ್ಲ ನಮ್ಮ ಬೆರಳುಗಳಿಗೆ ಬಿಟ್ಟದ್ದು.

ಏಬ್‌ನ ಕೈಯಲ್ಲಿ ಬಂದೂಕಿಲ್ಲ. ಒಂದು ಗುಂಡು ತಗುಲಿದರೆ ಸತ್ತ. ಅವನಿಗಿರುವುದು ಮಾತು. ‘ಹಲೋ’ ಎನ್ನಲು, ‘ನನ್ನ ಹಿಂದೆ ಬಾ’, ‘ನಿಲ್ಲು’ ಎನ್ನಲು ಬೇರೆ ಬೇರೆ ಬಟನ್‌ಗಳಿವೆ. ಸಿಳ್ಳೆಗೆ, ನಗುವುದಕ್ಕೆ, ಹೂಸುಬಿಡುವುದಕ್ಕೂ ಇವೆ. (ಕೊನೆಯದನ್ನು ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿತಿರುತ್ತಾರೆ.) ನೆಲ ತಿಕ್ಕುತ್ತಿರುವ ಒಬ್ಬ ಮುಡೋಕನ್‌ನ ಹತ್ತಿರ ಹೋಗಿ ಹಲೋ ಎಂದರೆ ಅವನು ತಲೆಯೆತ್ತಿ ಹಲೋ ಎನ್ನುತ್ತಾನೆ. ಬಾ ಎಂದರೆ ಬರುತ್ತಾನೆ. ಮುಂದೆ ಮೇಲೆ ಕೆಳಗೆ ಬಡಿಯುವ ಮಾಂಸದ ಗರಗಸ. ಅದು ಮೇಲೇಳುವ ಕ್ಷಣ ಹಿಡಿದು ನಾವು ದಾಟಬಹುದು, ಆದರೆ ಹಿಂದಿರುವವನು ಒಂದು ಹೆಜ್ಜೆ ತಡ. ಹಾಗಾಗಿ ಅವನನ್ನು ನಿಲ್ಲಿಸಿ, ಮೊದಲು ಲಿವರ್ ಎಳೆದು, ಕಾವಲಿನ ಸ್ಲಿಗ್ ಬೆನ್ನು ತಿರುಗಿಸುವವರೆಗೆ ನೆರಳಲ್ಲಿ ಅವಿತು, ಮತ್ತೆ ಬಂದು ಕರೆಯಬೇಕು. ಹಕ್ಕಿಗಳು ವರ್ತುಲವಾಗಿ ಸುತ್ತುವ ಜಾಗಕ್ಕೆ ಅವನನ್ನು ಕರೆತಂದು ಮಂತ್ರ ಜಪಿಸಿದರೆ ಬಾಗಿಲೊಂದು ತೆರೆಯುತ್ತದೆ; ಅವನು ಜಿಗಿದು ಪಾರಾಗುತ್ತಾನೆ. ಆಮೇಲೆ ಇನ್ನೊಬ್ಬನಿಗೆ ಹಲೋ.

ಈ ಒಬ್ಬೊಬ್ಬರನ್ನೇ ಕರೆಯುವ ಕೆಲಸ ಬೇಸರ ತರಿಸುತ್ತದೆ. ಬೇಸರ ತರಿಸಬೇಕಾದದ್ದೇ. ಗರಗಸದ ಲಯ, ಗಸ್ತಿನ ಲಯ, ಲಿಫ್ಟಿನ ಲಯ ಎಲ್ಲಕ್ಕೂ ಮೈ ಒಗ್ಗಿಸಿಕೊಂಡವನಷ್ಟೇ ಇಲ್ಲಿ ಬದುಕುತ್ತಾನೆ. ಬಿಡಿಸಲು ಬಂದವನೂ ಒಂದು ಪಾಳಿ ದುಡಿಯಬೇಕು. ಪರದೆ ಸರಿಯದೆ ಒಂದೊಂದು ಕೋಣೆಯಾಗಿ ಬದಲಾಗುವ ಹಳೆಯ ತಂತ್ರವೂ ಇದಕ್ಕೆ ಒದಗಿಬಂದಿದೆ: ಮುಂದಿನ ಕೋಣೆಯಲ್ಲಿ ಯಾರಿದ್ದಾರೆಂದು ಹೆಜ್ಜೆಯಿಡುವವರೆಗೆ ಗೊತ್ತಾಗುವುದಿಲ್ಲ. ಆದರೆ ಸತ್ತಾಗ ಎಲ್ಲೋ ಹಿಂದಿನ ಚೆಕ್‌ಪಾಯಿಂಟಿಗೆ ಎಸೆದು, ಪಾರಾದವರನ್ನು ಮತ್ತೆ ಪಾರು ಮಾಡಿಸುವುದಿದೆಯಲ್ಲ, ಅದನ್ನು ಸಮರ್ಥಿಸಲಾರೆ. ಅದು ಬರೀ ಕಾಟ. ಮರುವರ್ಷದ ‘ಏಬ್ಸ್ ಎಕ್ಸೊಡಸ್’ನಲ್ಲಿ ಬೇಕಾದಲ್ಲಿ ಸೇವ್ ಮಾಡುವ ಅನುಕೂಲ ಬಂತು.

ನಡುಭಾಗದಲ್ಲಿ ಏಬ್ ಕಾರ್ಖಾನೆ ಬಿಟ್ಟು ಪಾಳು ದೇವಾಲಯಗಳ ಕಾಡಿಗೆ, ಮರಳುಗಾಡಿಗೆ ಹೋಗಿ ಪವಿತ್ರಶಕ್ತಿ ಸಂಪಾದಿಸುತ್ತಾನೆ. ಮೂಲನಿವಾಸಿ, ಆತ್ಮಜ್ಞಾನ ಇತ್ಯಾದಿ. ಹಾಲಿವುಡ್‌ನಿಂದ ಎರವಲು ತಂದ ಭಕ್ತಿ ಅದು, ಅಲ್ಲಿ ಆಟ ಸೊರಗುತ್ತದೆ. ಕಾರ್ಖಾನೆಗೆ ಮರಳಿದ ಮೇಲೆಯೇ ಮತ್ತೆ ಜೀವ ಬರುವುದು.

ಇನ್ನೊಂದು ಕಡೆಯೂ ಆಟ ಮುಗ್ಗರಿಸುತ್ತದೆ. ಜಪದಿಂದ ಏಬ್ ಸ್ಲಿಗ್‌ನ ಮೈಮೇಲೆ ಬರಬಲ್ಲ. ಅವನ ಬಂದೂಕಿನಿಂದಲೇ ಉಳಿದ ಕಾವಲುಗಾರರನ್ನು ಹೊಡೆದು, ಕೆಲಸ ಮುಗಿದ ಮೇಲೆ ಅವನನ್ನೂ ಸಿಡಿಸಿ ಹೊರಬರುತ್ತಾನೆ. ಒಗಟಿನ ದೃಷ್ಟಿಯಿಂದ ಇದು ಆಟದ ಅತ್ಯುತ್ತಮ ಉಪಾಯ. ಆದರೆ ಯಂತ್ರದ ಕಾಲಿಲ್ಲದೆ ನಡೆಯಲಾರದ ಈ ಸ್ಲಿಗ್ ಕೂಡ ಮಾಲೀಕನ ಆಳೇ ಅಲ್ಲವೇ? ನೆಲ ಒರೆಸುವವನಿಗೆ ತೋರಿದ ಮರುಕದಲ್ಲಿ ಒಂದಿಷ್ಟೂ ಇವನಿಗಿಲ್ಲ. ಬಳಸು, ಬಿಸಾಡು. ಮೊಲಕ್‌ನ ನೀತಿಯೂ ಅದೇ, ಮತ್ತು ಆಟಕ್ಕೆ ಆ ಹೋಲಿಕೆ ಹೊಳೆದಂತೆ ಕಾಣುವುದಿಲ್ಲ.

ಲೆಕ್ಕದ ವಿಷಯದಲ್ಲಂತೂ ಆಟ ಪೂರ್ತಿ ಮಾಲೀಕನ ಪಕ್ಷ. ಬಿಡಿಸಬಹುದಾದವರು 99 ಮಂದಿ. ಕನಿಷ್ಠ 50 ಜನರನ್ನು ಪಾರು ಮಾಡಿದ್ದರೆ ಕೊನೆಯಲ್ಲಿ ಸೆರೆಸಿಕ್ಕ ಏಬ್‌ನನ್ನು ಮುಡೋಕನ್‌ಗಳು ಉಳಿಸುತ್ತಾರೆ. ಇಲ್ಲವಾದರೆ ಅವನು ಮಾಂಸ ಅರೆಯುವ ಯಂತ್ರದ ಪಾಲು. 49 ಜೀವ ಉಳಿಸಿದವನಿಗೂ ಹತ್ತು ಜೀವ ಉಳಿಸಿದವನಿಗೂ ಒಂದೇ ಗತಿ. ಗುಟ್ಟಿನ ಕೋಣೆಗಳಲ್ಲಿ ಕೆಲವರನ್ನು ಅಡಗಿಸಿಟ್ಟು ಹೀಗೆ ಟಾರ್ಗೆಟ್ ಇಟ್ಟಿರುವುದು ರಪ್ಚರ್‌ಫಾರ್ಮ್ಸ್‌ನ ಆಡಳಿತ ಮಂಡಳಿಗೆ ಒಪ್ಪುವ ಕ್ರಮ. 2014ರ ರಿಮೇಕ್ ‘ನ್ಯೂ ಎನ್ ಟೇಸ್ಟಿ’ ಬಿಡಿಸಬಹುದಾದವರ ಸಂಖ್ಯೆಯನ್ನು 299ಕ್ಕೆ ಏರಿಸಿತು, ಎಲ್ಲರನ್ನೂ ಒಟ್ಟಿಗೆ ಕರೆಯುವ ಸೌಕರ್ಯವನ್ನೂ ಕೊಟ್ಟಿತು. ಕೋಣೆಗಳ ಗೋಡೆಗಳು ಹೋಗಿ ಪರದೆ ಸರಾಗವಾಗಿ ಜಾರುತ್ತದೆ, ಬೆಳಕು ನೆರಳು ಕಣ್ಣು ಕುಕ್ಕುವಷ್ಟು ಚೆನ್ನಾಗಿವೆ. ಒಂದೇ ಕೂಗಿಗೆ ಅರ್ಧ ಡಜನ್ ಜನ ಹಿಂದೆ ಬರುತ್ತಾರೆ, ಅವರಲ್ಲೊಬ್ಬ ಗರಗಸಕ್ಕೆ ಸಿಕ್ಕರೂ ತಿರುಗಿ ನೋಡದೆ ಮುಂದೆ ಹೋಗುವಷ್ಟು ಸಲೀಸು. ಆಡುವವರಿಗೆ ನಾನು ಹಳೆಯದನ್ನೇ ಹೇಳುತ್ತೇನೆ, ಆ ಹಾಳು ಚೆಕ್‌ಪಾಯಿಂಟುಗಳ ಸಮೇತ.